ಬಿಪಿ ಏರಿಳಿತವನ್ನೂ ನೋಡಿ

ಮಾನ್ಯ ಸಂಪಾದಕರೇ,

ಬಿಪಿ ಒಂದು ಸಲ 120/80 ಬಂದರೆ ಸಾಕು, ನಮ್ಮವರಿಗೆ ನಿಶ್ಚಿಂತೆ. ಚೀಟಿಯಲ್ಲಿ ಮೇಲಿನ ಅಂಕಿ (120/80ರಲ್ಲಿ 120 ಇರುವ ಜಾಗದ್ದು) ಒಮ್ಮೆ 124, ಇನ್ನೊಮ್ಮೆ 158, ಆಮೇಲೆ 130 ಎಂದಿದ್ದರೂ ಮೂರನ್ನೂ ಜೋಡಿಸಿ ನೋಡುವವರು ಕಡಿಮೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯ ಪೀಟರ್ ರಾತ್‌ವೆಲ್ ಅವರ ತಂಡ 2010ರಲ್ಲೇ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ತೋರಿಸಿದೆ, ಸರಾಸರಿ ಎಷ್ಟೇ ಇರಲಿ, ಭೇಟಿಯಿಂದ ಭೇಟಿಗೆ ಮೇಲಿನ ಅಂಕಿ ಜಾಸ್ತಿ ಏರಿಳಿದರೆ ಪಾರ್ಶ್ವವಾಯು, ಹೃದಯಾಘಾತದ ಅಪಾಯವೂ ಜಾಸ್ತಿ ಎಂದು. ಕ್ಯೂನಲ್ಲಿ ನಿಂತು ದಣಿದು, ಕೂತ ತಕ್ಷಣ ತೋಳಿಗೆ ಪಟ್ಟಿ ಕಟ್ಟಿಸಿಕೊಂಡರೆ ಸರಿಯಾದ ಅಂಕಿ ಸಿಗುವುದಿಲ್ಲ ಅಲ್ವಾ? ಐದು ನಿಮಿಷ ಸುಮ್ನೆ ಕೂರಿಸಿ ಎರಡು ಸಲ ನೋಡಬೇಕು. ಮಾತ್ರೆ ಬಿಟ್ಟು ಬಿಟ್ಟು ನುಂಗುವುದೂ ಏರಿಳಿತಕ್ಕೆ ಒಂದು ಕಾರಣ. ಆರೋಗ್ಯ ಕೇಂದ್ರಗಳಲ್ಲಿ ಪ್ರತಿ ತಿಂಗಳ ಮಾತ್ರೆ ತಪ್ಪದೆ ಸಿಗಲಿ, ಹಿಂದಿನ ಅಂಕಿಗಳೆಲ್ಲ ಒಂದೇ ಕಾರ್ಡಿನಲ್ಲಿರಲಿ.

– ಓದುಗ, ಹಾಸನ