ಜೂನ್ 1ರಿಂದ ಭಾನುವಾರದ ಬ್ಯಾಚ್ ಇರುವುದಿಲ್ಲ

ನಮ್ಮ ಲಾಯಕ್ಕೆ ಬರುವ ಎಲ್ಲರಿಗೂ ನಮಸ್ಕಾರ.

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಕುದುರೆ ಸವಾರಿ ಕಲಿಸುವ ಆರು ಜನರ ಭಾನುವಾರದ ಬ್ಯಾಚ್ ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಒಂದು ಕುದುರೆ, ಒಬ್ಬ ಸವಾರ, ಒಬ್ಬ ಮೇಷ್ಟ್ರು. ಮುಕ್ಕಾಲು ಗಂಟೆಯ ಕ್ಲಾಸಿಗೆ 700 ರೂಪಾಯಿ ಇದ್ದದ್ದು 1,100 ಆಗುತ್ತದೆ. ಒಂದು ಕುದುರೆಗೆ ದಿನಕ್ಕೆ ಎರಡೇ ಕ್ಲಾಸು, ಸೋಮವಾರ ಪೂರ್ತಿ ರಜೆ. ಇದನ್ನು ವಾಟ್ಸಾಪ್‌ನಲ್ಲಿ ಎರಡು ಸಾಲು ಹಾಕಿ ಸುಮ್ಮನಾಗಿದ್ದು ನಮ್ಮ ತಪ್ಪು, ಕ್ಷಮಿಸಿ. ರಾತ್ರಿ ಹನ್ನೊಂದಕ್ಕೆ, ಹೊಟ್ಟೆನೋವು ಬಂದ ಕುದುರೆಯ ಪಕ್ಕ ನಿಂತು ಟೈಪ್ ಮಾಡಿದ್ದು ಅದು.

ಕಾರಣ ನಮ್ಮ ಕುದುರೆ ಗೌರಿ. ಮಾರ್ಚ್‌ನಲ್ಲಿ ಒಂದು ಭಾನುವಾರ ಐದು ಕ್ಲಾಸೂ ಅವಳ ಮೇಲೇ ನಡೆದವು. ಸಂಜೆ ಜೀನು ಇಳಿಸಿದರೆ ಹೆಗಲಿನ ಪಕ್ಕ ಅಂಗೈಯಗಲ ಕೂದಲು ಸವೆದುಹೋಗಿತ್ತು, ಮುಟ್ಟಿದರೆ ಬಿಸಿ. ಬೆಳಿಗ್ಗೆಯೇ ಅವಳು ಹೇಳಿದ್ದಳು. ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಿಚಿ ಬಾಲ ಬೀಸಿದ್ದಳು. ‘ಇವತ್ತು ಮೂಡ್ ಸರಿ ಇಲ್ಲ’ ಅಂತ ತಳ್ಳಿಹಾಕಿದವನು ನಾನೇ. ಒಂದೊಂದು ಕುದುರೆಯನ್ನೂ ಅರಿತು ಕಲಿಸುತ್ತೇವೆ ಅಂತ ಬೋರ್ಡು ಹಾಕಿಕೊಂಡವರು ಮಾಡುವ ಕೆಲಸ ಅಲ್ಲ.

ಆದರೆ ‘ಹಳ್ಳೀಲಿದ್ದೀರ, ಕುದುರೆ ಹುಲ್ಲು ತಿನ್ನುತ್ತೆ, ಅದಕ್ಕೇನು ಅಷ್ಟು ಖರ್ಚು?’ ಅನ್ನುವ ಮಾತು ಕೇಳಿದರೆ ಬೇಜಾರಾಗುತ್ತದೆ. 450 ಕೆಜಿ ತೂಗುವ ಕುದುರೆಗೆ ದಿನಕ್ಕೆ ಎಂಟೊಂಬತ್ತು ಕೆಜಿ ಒಣ ಮೇವು ಬೇಕು. ನೀರು ಮೂವತ್ತು ಲೀಟರು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಬೂಷ್ಟು ಹಿಡಿದ ರಾಗಿ ಹುಲ್ಲು ಹಾಕುವಂತಿಲ್ಲ. ಕುದುರೆಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ, ಹೊಟ್ಟೆ ಕೆಟ್ಟರೆ ಪ್ರಾಣಕ್ಕೇ ಕುತ್ತು ಬರಬಹುದು. ಹೋದ ಮಳೆಗಾಲದಲ್ಲಿ ಅರ್ಧ ಮೆದೆ ತಿಪ್ಪೆಗೆ ಸುರಿದೆವು, ದುಡ್ಡು ಕೊಟ್ಟು ತಂದದ್ದು. ಆರೇಳು ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು. ಕುಣಿಗಲ್ ಕುದುರೆಗಳ ಊರು, ಟಿಪ್ಪು ಕಾಲದಿಂದ ಇಲ್ಲಿ ಫಾರ್ಮ್ ಇದೆ, ಎಲ್ಲಾ ನಿಜ. ಹಾಗಂತ ನಮಗೆ ಲಾಳ ಪುಕ್ಕಟೆ ಸಿಗುವುದಿಲ್ಲ ಅಲ್ವಾ? ಲಾಳ ಹೊಡೆಯುವವರು ಬೆಂಗಳೂರಿಂದ ಬರುತ್ತಾರೆ, ಅವರ ಪೆಟ್ರೋಲೂ ನಮ್ಮ ಲೆಕ್ಕಕ್ಕೇ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ‘ಮೂರು ತಿಂಗಳಾಯ್ತು, ಮಗು ಇನ್ನೂ ಕುದುರೆ ಓಡಿಸಿಲ್ಲ. ಬರೀ ಮೈ ಉಜ್ಜೋದು, ಸುತ್ತ ನಡೆಸೋದು. ಬೇರೆ ಕಡೆ ಹತ್ತೇ ದಿನಕ್ಕೆ ಓಡಿಸ್ತಾರೆ.’

ಓಡಿಸುವುದು ಕಷ್ಟವಲ್ಲ. ನಮ್ಮ ಇನ್ನೊಂದು ಕುದುರೆ ಶಂಭುವನ್ನೇ ನೋಡಿ. ರೇಸಿನಿಂದ ಬಂದವನು, ಲಗಾಮು ಬಿಗಿಯಾದರೆ ಇನ್ನೂ ಜೋರಾಗಿ ಓಡಬೇಕು ಅಂತಲೇ ಕಲಿತಿದ್ದಾನೆ. ಹೆದರಿದ ಮಗು ಏನು ಮಾಡುತ್ತದೆ? ಲಗಾಮು ಜಗ್ಗುತ್ತದೆ. ಆಮೇಲೆ ಇಬ್ಬರದ್ದೂ ತಪ್ಪಿಲ್ಲ, ಬಿದ್ದದ್ದು ಮಾತ್ರ ನಿಜ. ಅದಕ್ಕೇ ಮೊದಲು ಲಗಾಮನ್ನೇ ಕೊಡುವುದಿಲ್ಲ. ಉದ್ದ ಹಗ್ಗದ ತುದಿಯಲ್ಲಿ ನಾವು ಕುದುರೆ ಸುತ್ತಿಸುತ್ತೇವೆ. ಮಗು ಕೈ ಚಾಚಿ, ಕಣ್ಣು ಮುಚ್ಚಿ, ಗೊರಸಿನ ಸದ್ದು ಎಣಿಸಬೇಕು. ನಡಿಗೆಗೆ ನಾಲ್ಕು, ಟ್ರಾಟ್ ಅನ್ನುವ ಕುಲುಕು ಓಟಕ್ಕೆ ಎರಡು, ಅದಕ್ಕಿಂತ ಜೋರಿನ ಕ್ಯಾಂಟರ್‌ಗೆ ಮೂರು. ಡ್ರೆಸಾಜ್ ಅಂದರೆ ಸವಾರನ ಸಣ್ಣ ಸನ್ನೆಗೇ ಕುದುರೆ ಹದವಾಗಿ ಹೆಜ್ಜೆ ಹಾಕುವ ಸವಾರಿ. ಅದರ ಮೊದಲ ಮೆಟ್ಟಿಲೇ ಲಯ, ಆಮೇಲೆ ಮೈ ಸಡಿಲವಾಗುವುದು. ಲಗಾಮಿನ ಸರದಿ ಮೂರನೆಯದು.

ಹೋದ ವಾರ ಹತ್ತು ವರ್ಷದ ಹುಡುಗಿಯೊಬ್ಬಳು ಹೀಗೇ ಎಣಿಸುತ್ತಿದ್ದಳು. ಬಂದಾಗ ಜೀನಿನ ಅಂಚನ್ನು ಬೆರಳು ಬೆಳ್ಳಗಾಗುವಷ್ಟು ಹಿಡಿಯುತ್ತಿದ್ದವಳು. ಏಳನೇ ಸುತ್ತಿಗೆ ಹೆಗಲು ಇಳಿಯಿತು. ಶಂಭು ಕತ್ತು ತಗ್ಗಿಸಿ ಮೂಗಲ್ಲಿ ಫುರ್ರ್ ಅಂದ. ಅವನು ನಿರಾಳವಾದರೆ ಹಾಗೆ. ಬೇಲಿ ಪಕ್ಕ ನಿಂತಿದ್ದ ಅವಳ ಅಪ್ಪನಿಗೆ ಏನೂ ಆಗಿಲ್ಲ ಅನ್ನಿಸಿತು. ನನಗೆ ಆ ತಿಂಗಳ ಬಾಡಿಗೆ ವಸೂಲಾಯಿತು.

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಡ್ರೆಸಾಜ್ ತಂಡ ಚಿನ್ನ ಗೆದ್ದ ವಿಡಿಯೊ ತೋರಿಸಿ ‘ನಮ್ಮವನು ಹೀಗೆ ಯಾವಾಗ?’ ಅಂತ ಕೇಳುತ್ತೀರಿ. ಖುಷಿಯೇ, ಕುದುರೆ ಸವಾರಿಯಲ್ಲಿ 41 ವರ್ಷದ ಮೇಲೆ ಬಂದ ಚಿನ್ನ ಅದು. ಗೆದ್ದವರು ವರ್ಷಗಟ್ಟಲೆ ಯುರೋಪಿನಲ್ಲಿದ್ದು ಕಲಿತವರು. ಅವರ ಮೈದಾನ 60 ಮೀಟರ್ ಉದ್ದ, ನಮ್ಮದು 40. ಆತುರ ಬೇಡ.

ಒಬ್ಬೊಬ್ಬರನ್ನೇ ಗಮನಿಸಿದರೆ ಏನು ಲಾಭ ಅಂದರೆ, ಮಂಡಿನೋವಿನ ಟೀಚರ್ ಒಬ್ಬರಿಗೆ ಕಾಲಿಡುವ ರಿಕಾಪು ಎರಡು ತೂತು ಉದ್ದ ಬಿಟ್ಟ ಮೇಲೆ ಅವರು ನಗುತ್ತಾ ಇಳಿದರು. ಬ್ಯಾಚ್‌ನಲ್ಲಿ ಅವರು ಆರು ವಾರ ನೋವು ನುಂಗಿಕೊಂಡು ಕೂತಿದ್ದರು, ನಮಗೆ ಗೊತ್ತೇ ಆಗಲಿಲ್ಲ.

ಈಗಾಗಲೇ ದುಡ್ಡು ಕಟ್ಟಿದವರಿಗೆ ಆಗಸ್ಟ್ ಕೊನೆವರೆಗೂ ಹಳೇ ರೇಟೇ. ಹೊಸ ರೇಟು ಕಷ್ಟ ಅನ್ನಿಸಿದವರು ಸುಮ್ನೆ ಬರುವುದು ನಿಲ್ಲಿಸಬೇಡಿ, ಒಂದು ಫೋನ್ ಮಾಡಿ. ಹದಿನೈದು ದಿನಕ್ಕೊಮ್ಮೆ ಬಂದರೂ ಸಾಕು, ಏನಾದರೂ ದಾರಿ ಮಾಡೋಣ. ನಾನೇ ಫೋನ್ ಎತ್ತುತ್ತೇನೆ, ಬೆಳಿಗ್ಗೆ ಹುರುಳಿ ಬೇಯಿಸುವ ಹೊತ್ತೊಂದು ಬಿಟ್ಟು.

ಗೌರಿಯ ಬೆನ್ನು ಈಗ ವಾಸಿಯಾಗಿದೆ, ಕೂದಲೂ ಬಂದಿದೆ. ಅವಳಿಗೆ ಕ್ಯಾರೆಟ್ ತರುವವರು ಉದ್ದುದ್ದ ಸೀಳಿ ತನ್ನಿ. ಬಿಲ್ಲೆ ಮಾಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.