ಮಗಳಿಗೊಂದು ಪತ್ರ: ಬಚ್ಚಿಟ್ಟಿದ್ದು ನಾನೇ

ಪುಟ್ಟಿ,

ಮೊನ್ನೆ ಫೋನಲ್ಲಿ ನೀನು, ಅಮ್ಮ ಕಾಲೇಜ್ ಫಾರ್ಮಲ್ಲಿ ಡಿಸೆಬಿಲಿಟಿ ಅಂತ ಒಂದು ಬಾಕ್ಸ್ ಇದೆ, ಶುಗರ್ ಇರೋದಕ್ಕೆ ಟಿಕ್ ಹಾಕ್ಲಾ ಅಂದಾಗ ನಾನು ಬೇಡ ಬಿಡು ಯಾಕೆ ಸುಮ್ನೆ ಅಂದ್ಬಿಟ್ಟೆ. ಆಮೇಲೆ ನಿದ್ದೆನೇ ಬರ್ಲಿಲ್ಲ ಕಣೆ. ನೀನು ಬಿಟ್ಟು ಹೋಗಿದ್ಯಲ್ಲ ಆ ಮೆಕ್ಸಿಕನ್ ಮೂಲದ ಅಮೆರಿಕದ ಲೇಖಕಿ ಗ್ಲೋರಿಯಾ ಅಂಜಾಲ್ದುವಾ ಪುಸ್ತಕಗಳು, ಅದನ್ನೇ ತಗೊಂಡು ಕೂತೆ.

ಟೆಕ್ಸಾಸಿನ ದಕ್ಷಿಣ ತುದಿ, ನದಿ ದಾಟಿದ್ರೆ ಮೆಕ್ಸಿಕೋ, ಅಲ್ಲಿ 1942ರಲ್ಲಿ ಹುಟ್ಟಿದೋಳು, ಹೊಲದಲ್ಲಿ ದುಡ್ಯೋ ಮನೆ, 14 ವರ್ಷಕ್ಕೆ ಅಪ್ಪ ಹೋದ್ರು. ಸ್ಕೂಲಲ್ಲಿ ಸ್ಪ್ಯಾನಿಷ್ ಮಾತಾಡಿದ್ರೆ ಬೆರಳ ಗೆಣ್ಣಿಗೆ ಸ್ಕೇಲಲ್ಲಿ ಏಟು. ಇದೆಲ್ಲ ನಿಂಗೆ ಗೊತ್ತಿರೋದೇ. ನಾನು ಸಿಕ್ಕಾಕೊಂಡಿದ್ದು ಅವ್ರಮ್ಮನ ಹತ್ರ. ಹಾರ್ಮೋನ್ ತೊಂದ್ರೆಯಿಂದ ಎಳೆ ಮಗು ಇದ್ದಾಗ್ಲೇ ಆ ಹುಡ್ಗಿಗೆ ಮುಟ್ಟಿನ ರಕ್ತ ಹೋಗೋಕೆ ಶುರುವಾಗಿತ್ತಂತೆ, ಅಮ್ಮ ಹಳೇ ಬಟ್ಟೆ ಮಡಚಿ ಚಡ್ಡಿಗೆ ಪಿನ್ ಹಾಕಿ, ಕಾಲು ಸೇರಿಸ್ಕೊಂಡಿರು ಅಂತ ಹೇಳಿ ಕಳಿಸ್ತಿದ್ಲು. ಬಿಸ್ಲಿಗೆ ಹೋಗ್ಬೇಡ, ಇನ್ನೂ ಕಪ್ಪಾದ್ರೆ ಇಂಡಿಯನ್ ಅನ್ಕೋತಾರೆ ಅಂತಾನೂ ಬೈತಿದ್ಲು. ಅವ್ಳು ಹೇಳಿದ್ದು ಅಮೆರಿಕದ ಮೂಲನಿವಾಸಿಗಳ ಬಗ್ಗೆ ಬಿಡು, ಆದ್ರೂ ನಗು ಬಂತು, ಯಾಕಂದ್ರೆ ಅರ್ಧ ಮಾತು ನಂದೇ.

ಇನ್ನರ್ಧನೂ ನಂದೇ. ನಿಂಗೆ ಟೈಪ್ ಒನ್ ಶುಗರ್ ಅಂತ ಗೊತ್ತಾದಾಗ ಮದ್ವೆಮನೇಲಿ ಬಾತ್‌ರೂಮಿಗೆ ಕರ್ಕೊಂಡು ಹೋಗಿ ಇಂಜೆಕ್ಷನ್ ಚುಚ್ಚಿ, ಅತ್ತೆ ಕೇಳಿದ್ರೆ ಹೊಟ್ಟೆನೋವು ಅನ್ನು ಅಂತ ಹೇಳ್ಕೊಟ್ಟೋಳು ನಾನು. ನಿಂಗಾಗ ಒಂಬತ್ತು.

ಆ ಹುಡ್ಗಿ ದೊಡ್ಡೋಳಾಗಿ ಟೀಚರ್ ಆದ್ಲು. ಕೊಯ್ಲಿನ ಹಿಂದೆ ಊರೂರು ಅಲಿಯೋ ಕೂಲಿಯೋರ ಮಕ್ಕಳಿಗೆ ಪಾಠ ಹೇಳಿದ್ಲು, ಇಂಡಿಯಾನಾದಲ್ಲಿ ಅಂಥ ಮನೆಗಳಿಗೂ ಸ್ಕೂಲುಗಳಿಗೂ ನಡುವೆ ಓಡಾಡಿದ್ಲು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಲ್ ಮುಂಡೋ ಸುರ್ದೋ, ಅಂದ್ರೆ ಎಡಗೈ ಲೋಕ ಅಂತ ಹೆಸರಿಟ್ಟು, ಯಾರಿಗೆ ಎಲ್ಲೂ ಜಾಗ ಇಲ್ವೋ ಅವ್ರನ್ನೆಲ್ಲ ಕರೆದು ಬರೆದಿದ್ದನ್ನ ಓದಿಸ್ತಿದ್ಲು. 1981ರಲ್ಲಿ ಚೆರಿ ಮೊರಾಗಾ ಅನ್ನೋ ಇನ್ನೊಬ್ಬ ಲೇಖಕಿ ಜೊತೆ ಬಿಳಿಯರಲ್ಲದ ಹೆಂಗಸರ ಬರಹ ಸೇರಿಸಿ ಪುಸ್ತಕ ತಂದ್ಲು, ಅಮ್ಮ ಬಚ್ಚಿಟ್ಟಿದ್ದ ಆ ಬಟ್ಟೆ ವಿಷ್ಯ ಅದ್ರಲ್ಲೇ ಇದೆ, ತಾನೇ ಬರೆದಿದ್ದಾಳೆ. 1992ರಲ್ಲಿ ಶುಗರೂ ಬಂತು. ಯೂನಿವರ್ಸಿಟಿ ಪರ್ಮನೆಂಟ್ ಕೆಲ್ಸ ಇಲ್ಲ, ಭಾಷಣ, ವರ್ಕ್‌ಶಾಪು ಅಂತ ತಿರುಗ್ಬೇಕು, ಜೊತೇಲಿ ಇನ್ಸುಲಿನ್. 2004ರಲ್ಲಿ ಶುಗರಿಂದ್ಲೇ ಹೋದ್ಲು, 61 ಅಷ್ಟೇ. ಡಾಕ್ಟರೇಟ್ ಕೊಟ್ಟಿದ್ದು ಸತ್ತ ಮೇಲೆ. ಶುಗರಿಂದ ಹೋದ್ಲು ಅನ್ನೋ ಸಾಲು ಓದಿ ಪುಸ್ತಕ ಮುಚ್ಚಿಟ್ಟೆ, ನಿನ್ನ ಮೀಟರ್ ರೀಡಿಂಗ್ ಕಳ್ಸು ಅಂತ ರಾತ್ರಿ ಎರಡಕ್ಕೆ ಮೆಸೇಜ್ ಬಂತಲ್ಲ, ಇದಕ್ಕೇ.

ಡಿಸೇಬಲ್ಡ್ ಅನ್ನೋ ಲೇಬಲ್ಲು ಅವ್ಳೂ ಸುಲಭಕ್ಕೆ ಒಪ್ಪಿರ್ಲಿಲ್ಲ, ಅದಕ್ಕೆ ಟಿಕ್ ಹಾಕ್ಲೇಬೇಕು ಅಂತ ನಾನನ್ನಲ್ಲ. ಆದ್ರೆ ನಾನು ಬೇಡ ಅಂದೆ ಅಂತ ಬಿಡ್ಬೇಡ. ಅತ್ತೆಗೆ ನಿನ್ನೆ ಫೋನ್ ಮಾಡಿ ಹೇಳ್ದೆ. ಅಯ್ಯೋ ನಂಗಾವಾಗ್ಲೇ ಗೊತ್ತಿತ್ತು ಅಂದ್ರು.

ಅಮ್ಮ