ಹಿಂದಿನ ವರಾಂಡ ಉಳಿಸಿಕೊಟ್ಟ ಬಡಗಿಯವರಿಗೆ

ಬಸವನಗುಡಿಯ ನಮ್ಮ ಹಳೇ ಮನೆಯ ಹಿಂದಿನ ವರಾಂಡ ಅಮ್ಮನ ಜಾಗ. ಸುತ್ತ ಸೊಳ್ಳೆ ಜಾಲರಿ, ಮೇಲೆ ಮಂಗಳೂರು ಹಂಚು. ಸಂಜೆ ಸೊಪ್ಪು ಬಿಡಿಸೋದು, ಹೂ ಕಟ್ಟೋದು ಎಲ್ಲಾ ಅಲ್ಲೇ. ಜಾಲರಿ ಹರಿದಿತ್ತು, ರಿಪೇರಿಗೆ ಕೊಟ್ಟೆವು. ಕೆಲಸ ಹಿಡಿದವರು ಅಡ್ವಾನ್ಸ್ ತಗೊಂಡು, ಮೂಲೆಯ ಕಂಬ ಕಿತ್ತಿಟ್ಟು ಹೋದವರು ಫೋನೇ ಎತ್ತಲಿಲ್ಲ.

ಮೇ ತಿಂಗಳ ಸಂಜೆ. ಮೋಡ ಕವಿದು ಗಾಳಿ ಎದ್ದಾಗ ತೊಲೆ ಕಿರ್ರ್ ಅಂತು. ಪಕ್ಕದ ಮನೆಯಲ್ಲಿ ಕಿಟಕಿ ಕೂರಿಸುತ್ತಿದ್ದ ನೀವು ಕಾಂಪೌಂಡ್ ಆಚೆಯಿಂದಲೇ, "ಅಮ್ಮಾ, ಅದರ ಕೆಳಗೆ ನಿಲ್ಲಬೇಡಿ!" ಅಂತ ಕೂಗಿದಿರಿ. ಎರಡು ಸರ್ವೆ ಕಂಬ ಹೊತ್ತು ತಂದು ತೊಲೆಗೆ ಆಸರೆ ಕೊಟ್ಟು, ಬುಡಕ್ಕೆ ಬೆಣೆ ಬಡಿದಿರಿ. ಆಮೇಲೇ ಮಳೆ ಸುರಿದದ್ದು. ಆ ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ.

ಮರುದಿನ ನಿಮ್ಮ ಕೆಲಸಕ್ಕೆ ಮುಂಚೆ ಮತ್ತೆ ಬಂದಿರಿ. ಕಿತ್ತ ಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಇಳಿಯಿತು. ಒಂದಡಿ ಮೇಲೆ ಚುಚ್ಚಿದರೆ ಗೀರೂ ಬೀಳಲಿಲ್ಲ. "ನೆಲಕ್ಕೆ ತಾಗಿದ ತುದಿ ನೀರು ಹೀರುತ್ತೆ ಮೇಡಂ, ಅಲ್ಲಿಂದಲೇ ಗೆದ್ದಲು. ಮೇಲಿನದು ಒಳ್ಳೇ ತೇಗ, ಎಸೀಬೇಡಿ." ಕೊಳೆತಷ್ಟನ್ನೇ ಕೊಯ್ದು, ಸಾದರಹಳ್ಳಿ ಕಲ್ಲಿನ ತುಂಡಿನ ಮೇಲೆ ಕಂಬ ನಿಲ್ಲಿಸಿದಿರಿ. ಜಾಲರಿ ತುಕ್ಕು ಹಿಡಿಯದಿರಲಿ ಅಂತ 'ಸ್ಟೀಲ್ 304' ಎಂದು, ಅಂದರೆ ಯಾವ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೇಕು ಅಂತ, ಪೆನ್ಸಿಲ್‌ನಲ್ಲಿ ಚೀಟಿ ಬರೆದುಕೊಟ್ಟಿರಿ.

ಎಷ್ಟು ಒತ್ತಾಯಿಸಿದರೂ ಕಲ್ಲಿನ ದುಡ್ಡು ಬಿಟ್ಟು ಬೇರೇನೂ ಮುಟ್ಟಲಿಲ್ಲ, ಕಾಫಿ ಕುಡಿದಿರಿ. ಹೊರಡುವಾಗ ಅಮ್ಮನ ಬೆತ್ತದ ಕುರ್ಚಿ ಮೇಲಿನ ಮರದ ಪುಡಿಯನ್ನು ನಿಮ್ಮ ಟವೆಲ್‌ನಿಂದಲೇ ಒರೆಸಿ, ಮೊದಲಿದ್ದ ಮೂಲೆಗೇ ಇಟ್ಟಿರಿ. ಹೆಸರು ಕೇಳುವಷ್ಟರಲ್ಲಿ ಪಕ್ಕದ ಮನೆ ಕೆಲಸ ಮುಗಿದಿತ್ತು. ಹೊಸ ಜಾಲರಿ ಬಂದಿದೆ, ಅಮ್ಮ ಅಲ್ಲೇ ಕೂತು ಮಲ್ಲಿಗೆ ಕಟ್ಟುತ್ತಿದ್ದಾರೆ. ನಿಮಗೆ ನಮ್ಮಿಬ್ಬರ ನಮಸ್ಕಾರ.